ತಂಪಣ್ಣನ ಮನೆಯ ನೀರು

ಆ ಬೀದಿಯಲ್ಲಿ ಬೇಸಿಗೆ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ತಂಪಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದು ಈಗ ರೇಷನ್ ಕಾರ್ಡಿನ ಮೇಲೆ ಮಾತ್ರ ಉಳಿದಿತ್ತು. ಧಾನ್ಯದ ಗೋದಾಮಿನಲ್ಲಿ ಮೂಟೆ ತೂಗಿ ತೂಗಿ ನಿವೃತ್ತನಾದ ಮನುಷ್ಯ. ವಾಸ ಮೂರನೇ ಮಹಡಿಯಲ್ಲಿ, ತಾರಸಿಯ ಕೆಳಗೇ ಇರುವ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಂಥ ಮನೆ ಬೇಸಿಗೆಯಲ್ಲಿ ಕಾದ ಕಾವಲಿಯಾಗಬೇಕು. ಆದರೆ ಮಟಮಟ ಮಧ್ಯಾಹ್ನ ಅವನ ಮನೆಯೊಳಗೆ ಕಾಲಿಟ್ಟವರು "ಅಬ್ಬಾ!" ಎಂದು ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದರು. ಏಸಿ ಇಲ್ಲ, ಕೂಲರ್ ಇಲ್ಲ. ಇದ್ದದ್ದು ಕತ್ತು ಸೊಟ್ಟಗಾದ ಒಂದು ಟೇಬಲ್ ಫ್ಯಾನು.

ಬೀದಿಗೆಲ್ಲ ಅವನು ಅಣ್ಣನಾದ ಮೇಲೆ ಅವನ ಹೆಂಡತಿ ತಾನಾಗಿಯೇ ಎಲ್ಲರಿಗೂ ಅತ್ತಿಗೆಯಾದಳು. ಈ ಕಥೆ ಅತ್ತಿಗೆಯದು. ತಂಪಣ್ಣನ ಕಥೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಬೇರೆಯವರು ಯಾಕೆ, ಅವನೊಬ್ಬನೇ ಸಾಕು.

ತಂಪಣ್ಣನ ಉಪಾಯಗಳು ಸುಲಭದವು, ಯಾರು ಬೇಕಾದರೂ ಮಾಡಬಹುದಾದವು ಎಂದು ಅವನೇ ಹೇಳುತ್ತಿದ್ದ. ಗೋದಾಮಿನಲ್ಲಿ ಹರಿದು ಮೂಲೆಗೆ ಬಿದ್ದ ಗೋಣಿಚೀಲಗಳನ್ನು ಬಿಚ್ಚಿ, ಎರಡು ಪದರ ಮಾಡಿ, ದಬ್ಬಳದಲ್ಲಿ ಹೊಲಿದು ಕಿಟಕಿಗಳಿಗೆ ಪರದೆಯ ಹಾಗೆ ಇಳಿಬಿಡುವುದು. ಅವು ಒಣಗದಂತೆ ನೀರು ಚಿಮುಕಿಸುತ್ತಿರುವುದು. ಹೊರಗಿನ ಬಿಸಿಗಾಳಿ ಒದ್ದೆ ಗೋಣಿಯೊಳಗಿಂದ ತೂರಿ ಬರುವಾಗ ತಣ್ಣಗಾಗುತ್ತದೆ. ತಾರಸಿಗೆ ಸುಣ್ಣ ಬಳಿಯುವುದು, ಸಂಜೆ ಅದರ ಮೇಲೆ ನೀರು ಹೊಯ್ಯುವುದು. ಫ್ಯಾನಿನ ಮುಂದೆ ಹಸಿ ಮರಳು ತುಂಬಿದ ಮಣ್ಣಿನ ಬಾನಿ ಇಡುವುದು. ಬೆಳಗಾಗುವ ಮೊದಲೇ ಅಡುಗೆ ಮುಗಿಸಿ, ಬಿಸಿಲೇರಿದ ಮೇಲೆ ಒಲೆ ಹಚ್ಚದಿರುವುದು. ಇಷ್ಟೇ. ಎಲ್ಲ ಮನೆಯಲ್ಲಿರುವ ಸಾಮಾನೇ.

ಮನೆಯಲ್ಲಿ ಇಲ್ಲದ್ದು ಒಂದೇ, ನೀರು. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ. ನಲ್ಲಿ ಇದ್ದದ್ದು ಕೆಳಗೆ, ಅಂಗಳದಲ್ಲಿ. ಅಲ್ಲಿಂದ ಮೂರು ಮಹಡಿ ಹತ್ತಿಸಬೇಕು. ಹತ್ತಿಸುತ್ತಿದ್ದವಳು ಅತ್ತಿಗೆ. ಬಲಗೈಯಲ್ಲಿ ಬಕೆಟ್ಟು, ಎಡಗೈಯಲ್ಲಿ ಸೆರಗು ಮತ್ತು ಮೆಟ್ಟಿಲ ಕಂಬಿ. ಪ್ರತಿ ಮಹಡಿಯ ತಿರುವಿನಲ್ಲಿ ಬಕೆಟ್ಟನ್ನು ಕೆಳಗಿಟ್ಟು, ಚೆಲ್ಲಿದ ನೀರನ್ನು ಕಾಲಿನಲ್ಲಿ ಸವರಿ, ಉಸಿರು ಬಿಟ್ಟು, ಮತ್ತೆ ಎತ್ತುವುದು. ಪಶ್ಚಿಮದ ಕಿಟಕಿಯ ಗೋಣಿಯಂತೂ ಎಷ್ಟು ಕುಡಿಸಿದರೂ ಸಾಲದ ಕುಡುಕ. ಬಿಸಿಲು ಅತ್ತ ತಿರುಗಿದ ಗಳಿಗೆಯಿಂದ ಅದಕ್ಕೆ ಬಾಯಾರಿಕೆ. ತಾರಸಿಯ ಹೊಟ್ಟೆಗೆ ಎಷ್ಟು ಹೊಯ್ದರೂ ಅದು ಬುಸ್ಸೆಂದು ಹಬೆ ಬಿಟ್ಟು ಇನ್ನಷ್ಟು ಕೇಳುತ್ತಿತ್ತು.

ಈ ತಾಪತ್ರಯವನ್ನೆಲ್ಲ ತಂದುಕೊಂಡವಳೂ ಅವಳೇ ಅನ್ನಬೇಕು. ಮದುವೆಯಾದ ಮೊದಲ ಬೇಸಿಗೆ. ಗೋದಾಮಿನ ತಗಡಿನ ಸೂರಿನ ಕೆಳಗೆ ಬೆಂದು ಬಂದ ಗಂಡನಿಗೆ ಮೈ ಕೆಂಡವಾಗಿ ಜ್ವರ ಬಂತು. ಹೊಸ ಹೆಂಡತಿಗೆ ಏನು ಮಾಡಬೇಕೋ ತೋಚಲಿಲ್ಲ. ಮೂಲೆಯಲ್ಲಿದ್ದ ಹರಕು ಗೋಣಿಯನ್ನು ನೀರಿನಲ್ಲಿ ಅದ್ದಿ ಕಿಟಕಿಗೆ ಸಿಕ್ಕಿಸಿ, ಅದರ ಪಕ್ಕ ಅವನ ಚಾಪೆ ಎಳೆದಳು. ಅವನು ಗೊರಕೆ ಹೊಡೆದು ಮಲಗಿದ. ಮೈ ನೆಟ್ಟಗಾಗಿ ಕೆಲಸಕ್ಕೆ ಹೋದವನು ಗೋದಾಮಿನಲ್ಲಿ, "ಒಂದು ಉಪಾಯ ಮಾಡಿದೆ ನೋಡಿ" ಎಂದು ಹೇಳಿಕೊಂಡು ಬಂದ. ಆ ಮಾತು ಯಾರದೋ ಹೆಂಡತಿಯ ಬಾಯಿಂದ ಅತ್ತಿಗೆಯ ಕಿವಿಗೆ ಬಿದ್ದಾಗ ಅವಳು ನಕ್ಕುಬಿಟ್ಟಳು. ಸಂತೋಷವೇ ಆಗಿತ್ತು ಅವಳಿಗೆ. ಗಂಡನಿಗೆ ಹೆಸರು ಬಂದರೆ ತನಗೂ ಬಂದಂತೆ ಎಂದು ನಂಬುವ ವಯಸ್ಸು ಅದು. ಆ ನಗುವನ್ನು ಅವಳು ಆಮೇಲೆ ಎಷ್ಟು ಸಲ ನೆನೆದು ತನ್ನನ್ನೇ ಬೈದುಕೊಂಡಳೋ, ಲೆಕ್ಕವಿಲ್ಲ.

ವರ್ಷಗಳು ಉರುಳಿದ ಮೇಲೆ ಅತ್ತಿಗೆಯ ಮೊಣಕಾಲು ಮೊದಲು ಕಟಕಟ ಅಂದಿತು, ಆಮೇಲೆ ಊದಿತು. ವೈದ್ಯರು ಕಾಲು ಮಡಚಿಸಿ, ಬಿಡಿಸಿ, "ಮೆಟ್ಟಿಲು ಹತ್ತೋದು ಕಮ್ಮಿ ಮಾಡಿ, ಭಾರ ಹೊರೋದು ಬಿಟ್ಟೇಬಿಡಿ. ಇಲ್ಲಾಂದ್ರೆ ಒಂದಿನ ಈ ಕಾಲು ನಿಮ್ಮ ಮಾತು ಕೇಳಲ್ಲ" ಎಂದರು. ಅತ್ತಿಗೆ ಅದನ್ನು ಅಕ್ಷರ ಬಿಡದೆ ಗಂಡನಿಗೆ ಒಪ್ಪಿಸಿದಳು.

ತಂಪಣ್ಣ ಕಲ್ಲುಮನಸ್ಸಿನವನಲ್ಲ. ಮುಲಾಮು ತಂದುಕೊಟ್ಟ. ಹಳೆಯ ಪರಿಚಯದ ಮೇಲೆ ಗೋದಾಮಿನಿಂದ ಕಬ್ಬಿಣದ ಒಂದು ರಾಟೆಯನ್ನೂ ಕೇಳಿ ತಂದ. ಬಾವಿಗೆ ಹಾಕುತ್ತಾರಲ್ಲ, ಅಂಥದ್ದು. "ಬಾಲ್ಕನಿ ಕಂಬಿಗೆ ಇದನ್ನ ಕೂರಿಸಿ ಹಗ್ಗ ಬಿಟ್ರೆ ಮುಗೀತು. ಕೆಳಗಿಂದ ಬಕೆಟ್ಟು ತಾನಾಗೇ ಮೇಲೆ ಬರತ್ತೆ. ನೀನು ಮೆಟ್ಟಿಲು ಹತ್ತೋದೇ ಬೇಡ."

ಅತ್ತಿಗೆಯ ಕಣ್ಣು ತುಂಬಿ ಬಂತು. "ಯಾವಾಗ ಹಾಕ್ತೀರಿ?"

"ಹಾಕೋಣ, ಅದಕ್ಕೇನು! ಸರಿಯಾದ ಬೋಲ್ಟು ಸಿಗ್ಲಿ."

ರಾಟೆ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಹೋಗಿ ಕೂತಿತು. ಬೋಲ್ಟು ಸಿಕ್ಕಾಗ ಬೇಸಿಗೆ ಮುಗಿದಿತ್ತು. ಮುಂದಿನ ಬೇಸಿಗೆಗೆ, ಗೋಡೆ ಬಿರುಕು ಬಿಟ್ಟರೆ ಮನೆ ಮಾಲೀಕ ಏನಂದಾನು ಎಂಬ ಯೋಚನೆ ಬಂತು. ಅದರ ಮುಂದಿನ ಬೇಸಿಗೆಗೆ ಮಾಲೀಕನನ್ನು ಕೇಳುವ ಮುಹೂರ್ತ ಕೂಡಿ ಬರಲಿಲ್ಲ. ಪ್ರತಿ ವರ್ಷ ಬಿಸಿಲು ಏರುವಾಗ ಅತ್ತಿಗೆ ಆ ರಾಟೆಯ ಧೂಳು ಒರೆಸಿ, ಗಂಡನಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡುತ್ತಿದ್ದಳು. ಅವನು ಅದನ್ನು ಎತ್ತಿ ಒಂದು ಸಲ ತಿರುಗಿಸಿ, "ಒಳ್ಳೇ ಮಾಲು" ಎಂದು ಹೊಗಳಿ ಮತ್ತೆ ಮೊಳೆಗೆ ಹಾಕುತ್ತಿದ್ದ. ಅವಳು ಅವನಿಂದ ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಕೇಳಿದ್ದು ಆ ರಾಟೆಯನ್ನು ಮೊಳೆಯಿಂದ ಕಂಬಿಗೆ ದಾಟಿಸಿ ಎಂದು. ನಡುವೆ ಇದ್ದದ್ದು ಒಂದು ಕೋಣೆ.

ಮೆಟ್ಟಿಲಿನ ಬುಡದಲ್ಲಿ, ನಲ್ಲಿಯ ಪಕ್ಕ, ಇಸ್ತ್ರಿಯಾಕೆಯ ಮೇಜು. ಇದ್ದಿಲಿನ ಪೆಟ್ಟಿಗೆಯ ಮುಂದೆ ದಿನವಿಡೀ ಬೇಯುವ ಹೆಂಗಸು. ಅತ್ತಿಗೆ ಹತ್ತಿಳಿಯುವುದು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಕಾಣುತ್ತಿತ್ತು. ಅವಳ ಬಾಯಿಗೆ ಅಂಕೆಯಿಲ್ಲ.

"ಅತ್ತಿಗೆ, ನಿಮ್ಗೇನಾದ್ರೂ ತಲೆ ಸರಿ ಇದ್ಯಾ? ಆ ಗೋಣಿ ಬಾಯಿಗೆ ಎಷ್ಟು ಅಂತ ಸುರೀತೀರಿ?"

"ಬಿಸಿಲಿಗೆ ಅವ್ರಿಗೆ ತಡೆಯಲ್ಲ ಕಣೇ."

"ಬಿಸಿಲು ತಡೀದೇ ಇದ್ರೆ ಅಣ್ಣನೇ ಒಂದು ಬಕೆಟ್ಟು ಎತ್ಕೊಂಡು ಹೋಗ್ಲಿ. ಮೂಟೆ ಮಧ್ಯೆ ಬದುಕಿದವ್ರಲ್ವಾ?"

"ಅವ್ರು ತೂಗ್ತಿದ್ರು, ಹೊರ್ತಿರ್ಲಿಲ್ಲ" ಎಂದು ಅತ್ತಿಗೆ ಬಕೆಟ್ಟು ಎತ್ತಿಕೊಂಡಳು. ಇಸ್ತ್ರಿಯಾಕೆ ಹೊಟ್ಟೆ ಹಿಡಿದು ನಕ್ಕಳು. ಅತ್ತಿಗೆಯೂ ಮೊದಲ ಮಹಡಿಯವರೆಗೆ ನಗುತ್ತಲೇ ಹತ್ತಿದಳು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ನಗು ಬತ್ತಿ, ಹಾಳಾದವನು ಎಂಬ ಮಾತು ಮೊದಲ ಸಲ ಮನಸ್ಸಿಗೆ ಬಂತು. ಬಂದದ್ದಕ್ಕೆ ಅವಳೇ ಹೆದರಿದಳು.

ಯಾವ ಗ್ರಹಚಾರವೋ, ಆ ವರ್ಷದ ಬಿಸಿಲು ಹಿಂದೆಂದೂ ಕಾಣದಂಥದ್ದು. ತಂಪಣ್ಣನ ಮನೆ ಯಾತ್ರಾಸ್ಥಳವಾಯಿತು. ಬೀದಿಯವರು, ಬೀದಿಯವರ ನೆಂಟರು, ಶಾಲೆಯ ಮೇಷ್ಟರು, ಕೊನೆಗೆ ಕ್ಯಾಮೆರಾ ಹಿಡಿದ ಪತ್ರಿಕೆಯ ಹುಡುಗಿ. ತಂಪಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದೆ ಉಬ್ಬಿಸಿ ನಿಂತು ಒಂದೊಂದಾಗಿ ವಿವರಿಸಿದ. ಗೋಣಿಗೆ ನೀರು ಚಿಮುಕಿಸುವ ಭಂಗಿಯಲ್ಲಿ ಕೈಯಲ್ಲಿ ಚೊಂಬು ಹಿಡಿದ. ಚೊಂಬಿನಲ್ಲಿ ನೀರಿರಲಿಲ್ಲ. "ಏ ಇವಳೇ, ಸ್ವಲ್ಪ ನೀರು ತಾರೇ" ಎಂದು ಕೂಗಿದ. ಆಗಷ್ಟೇ ಮೇಲೆ ಬಂದು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದ ಅತ್ತಿಗೆ ಒಳಗೆ ಬಂದು ಚೊಂಬು ತುಂಬಿಸಿ, ಫೋಟೋಗೆ ಅಡ್ಡ ಬರಬಾರದೆಂದು ಪಕ್ಕಕ್ಕೆ ಸರಿದಳು.

"ಇದಕ್ಕೆಲ್ಲಾ ಖರ್ಚು ಎಷ್ಟಾಗತ್ತೆ ಸಾರ್?" ಹುಡುಗಿ ಕೇಳಿದಳು.

"ಖರ್ಚಾ?" ತಂಪಣ್ಣ ನಕ್ಕ. "ಒಂದು ಬಿಡಿಗಾಸೂ ಇಲ್ಲಮ್ಮ. ಎಲ್ಲಾ ಬಿಟ್ಟಿ."

"ನೀರು ಮೇಲೆ ತರೋದು ಕಷ್ಟ ಅಲ್ವಾ?"

"ಅದಕ್ಕೂ ಒಂದು ಯೋಜನೆ ಇದೆ" ಎಂದು ಅವನು ಮೊಳೆಯಿಂದ ರಾಟೆ ತೆಗೆದು ತೋರಿಸಿದ. ಹುಡುಗಿ ಅದರ ಫೋಟೋವನ್ನೂ ತೆಗೆದುಕೊಂಡಳು. ಅವಳು ಹೋದ ಮೇಲೆ ರಾಟೆ ಮೊಳೆಗೆ ಮರಳಿತು.

ಅವತ್ತು ಊಟಕ್ಕೆ ಬಡಿಸುವಾಗ ಅತ್ತಿಗೆ ಬಾಯಿ ಬಿಟ್ಟೇ ಕೇಳಿದಳು. "ಬಿಟ್ಟಿ ಅಂದ್ರಲ್ಲ, ನನ್ನ ಕಾಲು ಬಿಟ್ಟೀನಾ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಈಗೇನಾಯ್ತು ನಿಂಗೆ? ನಿನ್ನ ಬಗ್ಗೆ ಯಾರು ಏನಂದ್ರು? ಜನ ಮನೆ ಹುಡುಕ್ಕೊಂಡು ಬರ್ತಿದಾರೆ, ಅದಕ್ಕೆ ಖುಷಿಪಡೋದು ಬಿಟ್ಟು ಮುಖ ಊದಿಸ್ಕೊಂಡು ಕೂತ್ರೆ ಹೇಗೆ? ಮೆಟ್ಟಿಲು ಹತ್ತೋದು ವ್ಯಾಯಾಮ ಕಣೇ. ದುಡ್ಡು ಕೊಟ್ಟು ಮಾಡ್ತಾರೆ ಜನ."

"ರಾಟೆ ಹಾಕ್ಕೊಡಿ. ಬೇರೇನೂ ಬೇಡ ನಂಗೆ."

"ಹಾಕೋಣ ಅಂದ್ನಲ್ಲ. ಈ ಜನ ಬರೋದು ಒಂಚೂರು ಕಮ್ಮಿಯಾಗ್ಲಿ."

ಜನ ಕಡಿಮೆಯಾಗಲಿಲ್ಲ. ಕಾಲು ಮಾತು ಕೇಳುವುದನ್ನು ಬಿಟ್ಟಿತು. ಒಂದು ಮಧ್ಯಾಹ್ನ ಯಾರೋ ಬರುವವರಿದ್ದರು, ಗೋಣಿಗಳೆಲ್ಲ ಚೆನ್ನಾಗಿ ನೆನೆದಿರಬೇಕಿತ್ತು. ಅತ್ತಿಗೆ ತುಂಬಿದ ಬಕೆಟ್ಟಿನೊಂದಿಗೆ ಎರಡನೇ ಮಹಡಿಯ ತಿರುವು ದಾಟುತ್ತಿದ್ದಾಗ ಮೊಣಕಾಲು ಕುಸಿಯಿತು. ಹಿಂದಿನ ಸಲ ತಾನೇ ಚೆಲ್ಲಿದ್ದ ನೀರಿನ ಮೇಲೆ ಇನ್ನೊಂದು ಕಾಲು ಜಾರಿತು. ಬಕೆಟ್ಟು ಧಡಧಡ ಉರುಳಿ ಇಸ್ತ್ರಿಯಾಕೆಯ ಮೇಜಿನ ಕಾಲಿಗೆ ಬಡಿಯಿತು. ಅವಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಹಾಗೆಯೇ ಬಿಟ್ಟು ಮೇಲಕ್ಕೆ ಓಡಿದಳು. ಅಂಗಿ ಸುಟ್ಟುಹೋಯಿತು. ಅತ್ತಿಗೆಯ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಒಳಗೆ ಸರಳು ಹಾಕಿ ಹೊಲಿದರು. ಆಮೇಲೆ ಕೆಲವು ವಾರ ಅತ್ತಿಗೆ, ಮದುವೆಯಾಗಿ ಬೇರೆ ಬಡಾವಣೆಯಲ್ಲಿದ್ದ ಮಗಳ ಮನೆಯಲ್ಲಿದ್ದಳು. ನೆಲಮಹಡಿಯ ಮನೆ, ತಲೆಯ ಮೇಲೆ ಫ್ಯಾನು. ಕೈ ಚಾಚಿದರೆ ಗುಂಡಿ, ಒತ್ತಿದರೆ ಗಾಳಿ. ಗಾಳಿಗೆ ಇಷ್ಟು ಸಾಕಿತ್ತೇ ಎಂದು ಅವಳು ಆ ಗುಂಡಿಯನ್ನೇ ನೋಡುತ್ತಾ ಮಲಗುತ್ತಿದ್ದಳು. ತಂಪಣ್ಣ ಬಂದು ಹೋಗುತ್ತಿದ್ದ. ಹಣ್ಣು ತರುತ್ತಿದ್ದ, ಹಣೆ ಮುಟ್ಟಿ ನೋಡುತ್ತಿದ್ದ. ಮಂಚದ ಪಕ್ಕ ಕೂತು ಒಂದು ಸಲ ಅತ್ತೂಬಿಟ್ಟ. ಆ ಅಳು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಅತ್ತಿಗೆಗೆ ಎಷ್ಟೋ ಸಲೀಸಾಗುತ್ತಿತ್ತು.

"ಅಪ್ಪಾ, ಮನೇಲಿ ನೀರಿಗೇನು ಮಾಡ್ತೀಯಾ?" ಮಗಳು ಕೇಳಿದಳು.

"ಏನೋ ಒಂದು ವ್ಯವಸ್ಥೆ ಮಾಡಿದೀನಿ" ಎಂದು ಅವನು ಗುಟ್ಟಾಗಿ ನಕ್ಕ. "ಅಮ್ಮ ಬಂದಾಗ ನೋಡ್ತಾಳೆ ಬಿಡು."

ವೈದ್ಯರು ಇನ್ನು ಮೆಟ್ಟಿಲಿನ ಆಸೆ ಬಿಟ್ಟುಬಿಡಿ ಎಂದಿದ್ದರು. ಮಗಳು, "ಇಲ್ಲೇ ಇರಮ್ಮ" ಎಂದಳು. ಆದರೆ ಮಗಳ ಅತ್ತೆ ಪ್ರತಿ ಬೆಳಿಗ್ಗೆ, "ಈಗ ನಡೆಯೋಕೆ ಬರತ್ತಾ?" ಎಂದು ವಿಚಾರಿಸುವ ದನಿಯಲ್ಲಿ ಎಲ್ಲವೂ ಇತ್ತು. ಅತ್ತಿಗೆಗೆ ಇನ್ನೊಬ್ಬರ ಮನೆಯಲ್ಲಿ ಮುಳ್ಳಿನ ಮೇಲೆ ಕೂತಂತೆ ಇರುವುದು ಬೇಡವಾಯಿತು. ಕೆಳಗಿನ ಮನೆ ಯಾವುದಾದರೂ ನೋಡಿ ಎಂದು ಗಂಡನಿಗೆ ಹೇಳಿ ನೋಡಿದಳು. "ಅಷ್ಟು ತಂಪು ಮನೆ ಬಿಟ್ಟು ಯಾರಾದ್ರೂ ಹೋಗ್ತಾರೇನೇ?" ಎಂದು ಅವನು ಗಾಬರಿಯಿಂದ ಕೇಳಿದ.

ಗೋದಾಮಿನ ಇಬ್ಬರು ಹಮಾಲಿಗಳು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ಮೂರನೇ ಮಹಡಿಗೆ ಹೊತ್ತರು. ಪ್ರತಿ ತಿರುವಿನಲ್ಲೂ ಅವಳನ್ನು ಕೆಳಗಿಳಿಸಿ ಉಸಿರು ಬಿಟ್ಟರು. ಎಲ್ಲೆಲ್ಲಿ ಬಕೆಟ್ಟು ಇಡುತ್ತಿದ್ದಳೋ ಅಲ್ಲಲ್ಲೇ ಈಗ ಅವಳನ್ನು ಇಟ್ಟರು. ಹಿಂದೆ, ಅತ್ತಿಗೆ ಇನ್ನು ಊರಿಕೊಂಡು ನಡೆಯಬೇಕಾದ ವಾಕರನ್ನು ಎತ್ತಿಕೊಂಡು ಇಸ್ತ್ರಿಯಾಕೆ ಹತ್ತಿದಳು.

ಮನೆಯೊಳಗೆ ಬಂದು ಕುರ್ಚಿ ಇಳಿಸುತ್ತಿದ್ದಂತೆ ಅತ್ತಿಗೆಗೆ ಮೊದಲು ಕಂಡದ್ದು ಖಾಲಿ ಮೊಳೆ. ಆಮೇಲೆ ಬಾಲ್ಕನಿ. ಕಂಬಿಯ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಬೋಲ್ಟು, ಬೋಲ್ಟಿಗೆ ರಾಟೆ. ಎಣ್ಣೆ ಹಾಕಿ ಮಿರಮಿರ ಮಿಂಚುವ ಹಾಗೆ ಉಜ್ಜಿದ್ದರು. ಹೊಸ ಹಗ್ಗ. ಅದರ ಎದುರಿಗೆ, ದಿಂಬು ಹಾಕಿದ ಒಂದು ಸ್ಟೂಲು.

"ಹೇಗಿದೆ?" ತಂಪಣ್ಣನ ಮುಖ ಅರಳಿತ್ತು. "ನೋಡು, ಈ ಸ್ಟೂಲಿನ ಮೇಲೆ ಕೂತ್ಕೊಂಡೇ ಎಳೀಬಹುದು. ಕಾಲಿಗೆ ಏನೇನೂ ಕೆಲಸ ಇಲ್ಲ. ನೀನು ಇನ್ನು ಕೆಳಗಿಳಿಯೋದೇ ಬೇಡ!"

ಅತ್ತಿಗೆ ಇಸ್ತ್ರಿಯಾಕೆಯ ಕಡೆ ತಿರುಗಿದಳು. "ಯಾವಾಗ ಹಾಕಿದ್ರು ಇದನ್ನ?"

ಇಸ್ತ್ರಿಯಾಕೆ ವಾಕರನ್ನು ಗೋಡೆಗೆ ಒರಗಿಸುತ್ತಾ ನೆಲ ನೋಡಿದಳು. "ನಿಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರಲ್ಲ, ಅದರ ಮಾರನೇ ದಿನ."

"ಮಾಲೀಕ್ರು ಏನೂ ಅನ್ಲಿಲ್ವಾ?"

"ಅವನ್ಯಾಕೆ ಅಂತಾನೆ?" ತಂಪಣ್ಣ ಹೇಳಿದ. "ಹಾಕ್ಕೊಳ್ಳಿ ಅಂದ. ಒಂದು ಗಂಟೆ ಕೆಲಸ ಅಷ್ಟೇ. ಒಂದು ಗಂಟೆಯೂ ಹಿಡೀಲಿಲ್ಲ."

ಬಾಗಿಲಲ್ಲಿ ಆಗಲೇ ಅಕ್ಕಪಕ್ಕದವರು ಸೇರಿದ್ದರು. ಇಸ್ತ್ರಿಯಾಕೆ ಕೆಳಗೆ ಹೋಗಿ ಬಕೆಟ್ಟು ತುಂಬಿಸಿ ಹಗ್ಗದ ಕೊಕ್ಕೆಗೆ ಸಿಕ್ಕಿಸಬೇಕೆಂದು ತಂಪಣ್ಣ ಅಪ್ಪಣೆ ಮಾಡಿದ. ಅವಳು ಒಲ್ಲದ ಮನಸ್ಸಿನಿಂದ ಹೋದಳು. ಅವನು ಹಗ್ಗದ ಇನ್ನೊಂದು ತುದಿಯನ್ನು ತಂದು ಹೆಂಡತಿಯ ಕೈಗೆ ಕೊಟ್ಟ, ಮಗುವಿನ ಕೈಗೆ ಆಟಿಕೆ ಕೊಡುವ ಪ್ರೀತಿಯಿಂದ. "ಎಳಿ, ನೋಡೋಣ!"

ಅತ್ತಿಗೆ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಳೆಯಲಿಲ್ಲ. ಕೆಳಗಿನಿಂದ, "ಸಿಕ್ಸಿದೀನಿ!" ಎಂದು ದನಿ ಬಂತು. ಅವಳು ಹಗ್ಗವನ್ನು ನೆಲಕ್ಕೆ ಬಿಟ್ಟಳು.

"ಪಾಪ, ಇನ್ನೂ ಸುಸ್ತಿರಬೇಕು" ಎಂದು ತಂಪಣ್ಣ ತಾನೇ ಹಗ್ಗ ಹಿಡಿದು ಎಳೆದ. ಬಕೆಟ್ಟು ಗೋಡೆಗೆ ತಾಕುತ್ತ, ನೀರು ತುಳುಕಿಸುತ್ತ ಮೇಲೆ ಬಂತು. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎದುರುಮನೆಯ ಹೆಂಗಸಿಗೆ ಕಣ್ಣೇ ಒದ್ದೆಯಾಯಿತು. "ನೋಡಿ, ಈ ವಯಸ್ಸಲ್ಲಿ ಹೆಂಡತಿಗೋಸ್ಕರ ನೀರು ಸೇದ್ತಿದಾರೆ! ಅತ್ತಿಗೆ, ನೀವು ಪುಣ್ಯ ಮಾಡಿದ್ರಿ ಬಿಡಿ. ನಮ್ಮನೇಲೂ ಇದಾರೆ ಒಬ್ರು, ಲೋಟ ಎತ್ತಿಡಲ್ಲ."

ಎಲ್ಲರೂ ನಕ್ಕರು. ತಂಪಣ್ಣ ನಾಚಿಕೊಂಡ. ಇಷ್ಟು ವರ್ಷ ಆ ಮೆಟ್ಟಿಲುಗಳಲ್ಲಿ ತಮ್ಮ ಎದುರಿಗೇ ಹತ್ತಿ ಇಳಿದವಳಿಗೆ ಆ ನೆರೆಯವರಲ್ಲಿ ಒಬ್ಬರೂ ದಾರಿ ಬಿಟ್ಟು ನಿಂತದ್ದಕ್ಕಿಂತ ಹೆಚ್ಚೇನೂ ಮಾಡಿರಲಿಲ್ಲ. ಕೆಲವರು ಅದನ್ನೂ ಮಾಡಿರಲಿಲ್ಲ.

ಎಲ್ಲರೂ ಹೋದ ಮೇಲೆ ತಂಪಣ್ಣ ಪಶ್ಚಿಮದ ಕಿಟಕಿಯ ಗೋಣಿಗೆ ನೀರು ಹೊಯ್ದು, ಅವಳ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದ. ಮೊದಲ ಬೇಸಿಗೆಯಲ್ಲಿ ಅವಳು ಅವನ ಚಾಪೆ ಎಳೆದಿದ್ದ ಹಾಗೆ. ಅದು ಅವನಿಗೆ ನೆನಪಿರಲಿಲ್ಲ.

"ರೀ" ಎಂದಳು ಅತ್ತಿಗೆ. "ಒಂದು ಗಂಟೆ ಕೆಲಸ ಅಂದ್ರಲ್ಲ. ಇಷ್ಟು ವರ್ಷ ಕೇಳ್ದೆ. ಆ ಒಂದು ಗಂಟೆ ಯಾಕೆ ಸಿಗ್ಲಿಲ್ಲ ನಿಮ್ಗೆ?"

ಅವನು ತಲೆ ಕೆರೆದುಕೊಂಡು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. ಮನಸ್ಸಿನಲ್ಲಿ ಕಪಟವಿಲ್ಲದೆ, ದನಿಯಲ್ಲಿ ಒಂದಿಷ್ಟು ಮಮತೆಯನ್ನೂ ಬೆರೆಸಿ ಹೇಳಿದ:

"ಆಗ ಅದರ ಅವಶ್ಯಕತೆ ಇರ್ಲಿಲ್ಲವಲ್ಲೇ. ನೀನಿದ್ದೆಯಲ್ಲ."

ಒದ್ದೆ ಗೋಣಿಯಿಂದ ತಣ್ಣನೆ ಗಾಳಿ ಬಂದು ಅತ್ತಿಗೆಯ ಮುಖಕ್ಕೆ ತಾಗಿತು. ಗೋಣಿಯ ಆಚೆ ಬೀದಿ ಇತ್ತು, ಇಸ್ತ್ರಿ ಮೇಜು ಇತ್ತು, ನಲ್ಲಿ ಇತ್ತು, ಅವಳು ಇನ್ನು ಇಳಿದು ಹೋಗಲಾರದ ಎಲ್ಲವೂ ಇತ್ತು. ಅವಳು ಕುರ್ಚಿಯ ತೋಳು ಹಿಡಿದು ಮೈ ಮುಂದಕ್ಕೆ ಬಾಗಿಸಿ, ತಾನೇ ದಬ್ಬಳ ಹಿಡಿದು ಹೊಲಿದ ಆ ಗೋಣಿಯ ಅಂಚನ್ನು ಹಿಡಿದು ಜಗ್ಗಿದಳು. ಮೊಳೆ ಕಿತ್ತು ಒದ್ದೆ ಗೋಣಿ ನೆಲಕ್ಕೆ ಬಿತ್ತು.

"ಏ, ಏನೇ ಇದು? ಬಿಸಿಗಾಳಿ ಒಳಗೆ ಬರತ್ತೆ!"

"ಬರ್ಲಿ" ಎಂದಳು ಅವಳು. "ನಂಗೆ ಬೀದಿ ಕಾಣ್ಬೇಕು."

ಅವನು ಗೋಣಿಯನ್ನು ಎತ್ತಿಕೊಳ್ಳಲು ಬಗ್ಗಿದ. ಅವಳು ವಾಕರನ್ನು ಎಳೆದು ಅದರ ಕಾಲನ್ನು ಗೋಣಿಯ ಮೇಲೆ ಊರಿದಳು. ಸಂಜೆಯವರೆಗೂ ಅಲ್ಲಿಂದ ತೆಗೆಯಲಿಲ್ಲ.